ಹಳೆ ಸ್ಟ್ರೀಟ್ ಫೈಟರ್ 2 ಹೊಸ ಕನ್ಸೋಲಿನಲ್ಲಿ ಕೈಗೇ ಸಿಗುತ್ತಿಲ್ಲ, ಯಾಕೆ?

ಕುವೆಂಪುನಗರ_ಕೆನ್:
ಎಲ್ಲರಿಗೂ ನಮಸ್ಕಾರ. ಹೋದ ಭಾನುವಾರದಿಂದ ಒಂದು ವಿಷಯ ತಲೆ ಕೊರೆಯುತ್ತಿದೆ. ನಮ್ಮಣ್ಣ ಮಂಡ್ಯದಲ್ಲಿ ಇರುವುದು. ಅವನು ಬರುತ್ತಾನೆ ಅಂತಲೇ ನಾನು ಕನ್ಸೋಲಿಗೆ ಹಳೆ ಫೈಟಿಂಗ್ ಗೇಮ್‌ಗಳ ಒಂದು ಕಲೆಕ್ಷನ್ ಹಾಕಿಸಿಕೊಂಡೆ. ಚಿಕ್ಕವರಿದ್ದಾಗ ಸಯ್ಯಾಜಿರಾವ್ ರಸ್ತೆ ಪಕ್ಕದ ಗಲ್ಲಿಯಲ್ಲಿ ಒಂದು ವಿಡಿಯೋ ಗೇಮ್ ಅಂಗಡಿ ಇತ್ತು. ಅಮ್ಮ ಕೊತ್ತಂಬರಿ ತರೋದಕ್ಕೆ ಮಾರ್ಕೆಟ್ಟಿಗೆ ಕಳಿಸಿದರೆ ಉಳಿದ ಚಿಲ್ಲರೆ ಅಲ್ಲಿಗೇ ಹೋಗುತ್ತಿತ್ತು. ಸ್ಟ್ರೀಟ್ ಫೈಟರ್ 2ರಲ್ಲಿ ಅಣ್ಣ ಯಾವಾಗಲೂ ಕೆನ್ ಪಾತ್ರವನ್ನೇ ತಗೊಳ್ಳುತ್ತಿದ್ದ. ನೀವು ಹಾರಿ ಮೇಲೆ ಬಂದರೆ ಮುಗೀತು, ಶೋರ್ಯುಕೆನ್, ಅಂದರೆ ಮೇಲಕ್ಕೆ ಚಿಮ್ಮಿ ಗುದ್ದುವ ಪಟ್ಟು, ಹೊಡೆದು ಕೆಡವುತ್ತಿದ್ದ. ಅವನ ಮೇಲೆ ಹಾರಲು ದೊಡ್ಡ ಹುಡುಗರೂ ಹೆದರುತ್ತಿದ್ದರು.

ಭಾನುವಾರ ನಾನು ಬೇಕು ಅಂತಲೇ ಹತ್ತು ಸಲ ಹಾರಿದೆ. ಎರಡೇ ಸಲ ಬಂತು. ಮಿಕ್ಕಿದ್ದೆಲ್ಲ ಏಟು ತಿಂದಮೇಲೆ ಬರುತ್ತಿತ್ತು, ಇಲ್ಲಾ ಬರುತ್ತಲೇ ಇರಲಿಲ್ಲ. ಅವನು ಕಂಟ್ರೋಲರನ್ನು ಸೋಫಾ ಮೇಲಿಟ್ಟು "ಇದು ಆ ಗೇಮ್ ಅಲ್ಲ ಕಣೋ" ಎಂದು ಎದ್ದು ಕಾಫಿ ಕುಡಿಯಲು ಹೋದ. ನನಗೆ ತುಂಬಾ ಬೇಜಾರಾಯಿತು. ಚಿತ್ರ ಅದೇ, ಸಂಗೀತ ಅದೇ. ಹಾಗಾದರೆ ತಪ್ಪು ಎಲ್ಲಿದೆ? ಇಂಥ ಗೇಮನ್ನು ಮತ್ತೆ ಬಿಡುಗಡೆ ಮಾಡುವವರು ಏನನ್ನು ಉಳಿಸಿಕೊಳ್ಳಲೇಬೇಕು? ಗೊತ್ತಿರುವವರು ಹೇಳಿ.

ನೂರಡಿರಸ್ತೆ:
ವಯಸ್ಸಾಯ್ತು ಅಂತ ಮಾತ್ರ ಯಾರೂ ಹೇಳಬೇಡಿ. ನನಗೂ ಹೀಗೇ ಆಗಿದೆ.

ಅರವತ್ತು_ಫ್ರೇಮ್:
ಗುರು, ಮೊದಲು ಟಿವಿ ನೋಡು. ಸೆಟ್ಟಿಂಗ್ಸ್‌ನಲ್ಲಿ ಗೇಮ್ ಮೋಡ್ ಅಂತ ಇರುತ್ತದೆ, ಅದು ಆನ್ ಇದೆಯಾ?

ಲೆಕ್ಕ ಹೇಳುತ್ತೇನೆ. ಈ ಗೇಮ್ ಸೆಕೆಂಡಿಗೆ ಸುಮಾರು 60 ಫ್ರೇಮ್, ಅಂದರೆ 60 ಬಿಡಿ ಚಿತ್ರ, ಓಡುತ್ತದೆ. ಅಂದರೆ ಒಂದು ಫ್ರೇಮಿಗೆ ಹತ್ತಿರ ಹತ್ತಿರ 16.7 ಮಿಲಿಸೆಕೆಂಡ್. ಹಳೆ ಡಬ್ಬ ಟಿವಿಯಲ್ಲಿ ಸಿಗ್ನಲ್ ಬಂದ ಹಾಗೇ ಪರದೆ ಮೇಲೆ ಬೀಳುತ್ತಿತ್ತು. ಈಗಿನ ಟಿವಿ ಹಾಗಲ್ಲ, ಚಿತ್ರ ತಗೊಂಡು, ಅದನ್ನು ನುಣುಪು ಮಾಡಿ, ಬಣ್ಣ ತಿದ್ದಿ ಆಮೇಲೆ ತೋರಿಸುತ್ತದೆ. ಗೇಮ್ ಮೋಡ್ ಹಾಕದಿದ್ದರೆ ಕೆಲವು ಟಿವಿಗಳಲ್ಲಿ ಇದಕ್ಕೇ 100 ಮಿಲಿಸೆಕೆಂಡ್ ಆಗಿಬಿಡುತ್ತದೆ, ಅಂದರೆ ಆರು ಫ್ರೇಮ್. ನೀನು ಹಾರಿದ್ದು ನಿಮ್ಮಣ್ಣನ ಕಣ್ಣಿಗೆ ಬೀಳುವ ಹೊತ್ತಿಗೆ ಆಟದ ಒಳಗೆ ಆರು ಫ್ರೇಮ್ ಕಳೆದುಹೋಗಿರುತ್ತದೆ. ಹಾರಿ ಇಳಿಯಲು ಒಂದು ಸೆಕೆಂಡೂ ಬೇಕಿಲ್ಲ ಅಲ್ವಾ? ಅವನು ಹೊಡೆದದ್ದು ಸರಿಯಾಗೇ ಇರುತ್ತದೆ, ಕಣ್ಣಿಗೆ ಬಿದ್ದದ್ದೇ ತಡವಾಗಿ.

ಇದರ ಮೇಲೆ ಗೇಮ್ ಪೋರ್ಟ್ ಮಾಡುವಾಗ, ಅಂದರೆ ಹೊಸ ಕನ್ಸೋಲಿಗೆ ಹೊಂದಿಸುವಾಗ, ಸೇರುವ ತಡ ಬೇರೆ. ವೈರ್ ಇಲ್ಲದ ಕಂಟ್ರೋಲರಿನ ತಡ ಬೇರೆ. ಎಲ್ಲಾ ಸ್ವಲ್ಪ ಸ್ವಲ್ಪವೇ, ಕೂಡಿಸಿದರೆ ಜಾಸ್ತಿ.

ಮೈಕ್ರೋಸ್ವಿಚ್:
ಅರವತ್ತು ಅವರು ಹೇಳಿದ್ದು ಸರಿ, ಆದರೆ ಅರ್ಧ ಕಥೆ. ನಾನು ಮೈಸೂರಿನಲ್ಲಿ ಆರು ವರ್ಷ ವಿಡಿಯೋ ಗೇಮ್ ಪಾರ್ಲರ್ ಮಿಷನ್‌ಗಳ ರಿಪೇರಿ ಮಾಡಿದವನು. ಕೈಯ ವಿಷಯ ನಾನು ಹೇಳುತ್ತೇನೆ.

ಆ ಮಿಷನ್ನಿನ ಜಾಯ್‌ಸ್ಟಿಕ್ ಬಿಚ್ಚಿದರೆ ಕೆಳಗೆ ನಾಲ್ಕು ಮೈಕ್ರೋಸ್ವಿಚ್ ಇರುತ್ತವೆ, ಒಂದೊಂದು ದಿಕ್ಕಿಗೆ ಒಂದೊಂದು. ಕೋಲು ವಾಲಿದರೆ ಟಿಕ್ ಎನ್ನುತ್ತದೆ. ಮೂಲೆಗೆ ವಾಲಿದರೆ ಎರಡು ಒಟ್ಟಿಗೆ ಟಿಕ್ ಎನ್ನುತ್ತವೆ. ಶೋರ್ಯುಕೆನ್‌ಗೆ ಮುಂದೆ, ಕೆಳಗೆ, ಆಮೇಲೆ ಕೆಳಗಿನ ಮೂಲೆ. ಚೆನ್ನಾಗಿ ಆಡುವ ಹುಡುಗನ ಕೈಯಲ್ಲಿ ಆ ಟಿಕ್‌ಗಳು ತಾಳ ಹಾಕಿದ ಹಾಗೆ ಬೀಳುತ್ತಿದ್ದವು. ನಾನು ಬೆನ್ನು ತಿರುಗಿಸಿಕೊಂಡು ಬೆಸುಗೆ ಹಾಕುತ್ತಿದ್ದರೂ ಬರೀ ಸದ್ದಿನಲ್ಲೇ ಶೋರ್ಯುಕೆನ್ ಬಂತೋ ತಪ್ಪಿತೋ ಗೊತ್ತಾಗುತ್ತಿತ್ತು. ಈಗಿನ ಕಂಟ್ರೋಲರಿನಲ್ಲಿ ಬಟನ್ ಕೆಳಗೆ ರಬ್ಬರ್. ಹೆಬ್ಬೆರಳಿಗೆ ಮೆತ್ತಗೆ ಹತ್ತುತ್ತದೆ, ಟಿಕ್ ಇಲ್ಲ. ಅಲ್ಲಿ ಇಡೀ ಮುಂಗೈ ಆಡುತ್ತಿತ್ತು, ಇಲ್ಲಿ ಒಂದು ಹೆಬ್ಬೆರಳು.

ಇನ್ನೊಂದು, ಸ್ಟ್ರೀಟ್ ಫೈಟರ್ 2ಕ್ಕೆ ಆರು ಬಟನ್. ಮೇಲಿನ ಸಾಲಿನಲ್ಲಿ ಮೂರು ಗುದ್ದು, ಕೆಳಗಿನ ಸಾಲಿನಲ್ಲಿ ಮೂರು ಒದೆ. ಮೂರು ಬೆರಳು ಮೇಲಕ್ಕೆ ಕೆಳಕ್ಕೆ ಸರಿಯುತ್ತಿದ್ದವು, ಅಷ್ಟೇ. ಕಂಟ್ರೋಲರಿನ ಮುಖದ ಮೇಲೆ ಇರುವುದು ನಾಲ್ಕೇ, ಮಿಕ್ಕ ಎರಡು ಹಿಂದಕ್ಕೆ ಭುಜದ ಬಟನ್ನಿಗೆ ಹೋಗುತ್ತವೆ. ನಿಮ್ಮಣ್ಣ ಬಲವಾದ ಗುದ್ದಿಗೆ ಯಾವ ಬೆರಳು ಇಡುತ್ತಿದ್ದರೋ ಆ ಬೆರಳಿಗೆ ಈಗ ಕೆಲಸವೇ ಇಲ್ಲ.

ಕುವೆಂಪುನಗರ_ಕೆನ್:
ಸರ್, ಟಿಕ್ ಸದ್ದಿನ ವಿಷಯ ಓದಿ ಮೈ ಜುಮ್ ಅಂತು. ಆ ಸದ್ದು ಮರೆತೇ ಹೋಗಿತ್ತು. ಗೇಮ್ ಮೋಡ್ ನಾನು ನೋಡಿಲ್ಲ. ರಾತ್ರಿ ನೋಡುತ್ತೇನೆ.

ಟೆಕ್ಕೆನ್_ಮಳವಳ್ಳಿ:
ಇಷ್ಟೆಲ್ಲಾ ಕಷ್ಟ ಯಾಕೆ ಅಂತ. ಹೊಸದಾಗಿ ಮಾಡುವಾಗ ಚಿತ್ರ ಚೆನ್ನಾಗಿ ಬರೆದು, ಪರದೆ ತುಂಬಾ ಬರುವ ಹಾಗೆ ಮಾಡಿ, ಕಷ್ಟದ ಪಟ್ಟುಗಳಿಗೆ ಒಂದೇ ಬಟನ್ ಕೊಟ್ಟರೆ ಆಯ್ತಲ್ಲ. ನನ್ನ ಮಗನಿಗೆ ಹಳೆ ಚಿತ್ರ ನೋಡಿದರೆ ಆಸಕ್ತಿಯೇ ಬರುವುದಿಲ್ಲ.

ಆಲೆಮನೆ:
ಇಲ್ಲ ಅಣ್ಣ, ನಾನು ಒಪ್ಪುವುದಿಲ್ಲ. ಚಿತ್ರ ಹೊಸದಾಗಿ ಬರೆದದ್ದು ಆಗಿಹೋಗಿದೆ. 2008ರಲ್ಲಿ ಸ್ಟ್ರೀಟ್ ಫೈಟರ್ 2ರ ಸೂಪರ್ ಟರ್ಬೊ ಆವೃತ್ತಿಗೆ ಎಚ್‌ಡಿ ರೀಮಿಕ್ಸ್ ಅಂತ ಬಂತು. ಪ್ರತಿಯೊಂದು ಚಿತ್ರವನ್ನೂ ದೊಡ್ಡದಾಗಿ, ನೀಟಾಗಿ ಬರೆದರು. ಆದರೆ ಆಟದ ಏಟು ಬದಲಾಗಬಾರದು ಅಂತ ಒಂದೊಂದು ಪಟ್ಟಿಗೂ ಮೊದಲು ಎಷ್ಟು ಚಿತ್ರ ಇದ್ದವೋ ಅಷ್ಟೇ ಇಟ್ಟರು. ಸಣ್ಣ ಚುಕ್ಕಿ ಚಿತ್ರದಲ್ಲಿ ಮೂರು ಚಿತ್ರಕ್ಕೆ ಒಂದು ಒದೆ ಸರಾಗವಾಗಿ ಕಾಣುತ್ತದೆ. ನುಣುಪಾದ ದೊಡ್ಡ ಚಿತ್ರದಲ್ಲಿ ಅದೇ ಮೂರು ಚಿತ್ರ ಹಾಕಿದರೆ ಮರದ ಗೊಂಬೆ ಕುಣಿದ ಹಾಗೆ. ಹಳೆ ಚಿತ್ರ ಬರೆದವರು ಆ ಚುಕ್ಕಿಗಳಿಗೆ ತಕ್ಕ ಹಾಗೆ ಲೆಕ್ಕ ಹಾಕಿಯೇ ಬರೆದಿದ್ದರು.

ಪರದೆ ತುಂಬಾ ಅಂದಿರಲ್ಲ, ಅದಂತೂ ಬೇಡವೇ ಬೇಡ. ಅದು 4:3, ಅಂದರೆ ಅಗಲ 4ಕ್ಕೆ ಎತ್ತರ 3 ಇರುವ ಡಬ್ಬ ಪರದೆಗೆ ಮಾಡಿದ ಗೇಮ್. ಎಳೆದು ಅಗಲ ಮಾಡಿದರೆ ಚುನ್‌ಲೀ ಕೂಡ ದಪ್ಪ ಸುಮೋ ಪೈಲ್ವಾನ್ ಹೊಂಡಾ ಥರ ಕಾಣುತ್ತಾಳೆ. ಎಡ ಬಲ ಕಪ್ಪು ಪಟ್ಟಿ ಇರಲಿ ಬಿಡಿ.

ಟೆಕ್ಕೆನ್_ಮಳವಳ್ಳಿ:
ಸರಿ, ಚಿತ್ರದ ವಿಷಯ ಬಿಟ್ಟೆ. ಪಟ್ಟು ಸುಲಭ ಮಾಡಿದರೆ ಏನು ತೊಂದರೆ? ಆಟದಲ್ಲಿದ್ದ ತಪ್ಪುಗಳನ್ನಾದರೂ ತಿದ್ದಬೇಕಲ್ವಾ?

ಅರವತ್ತು_ಫ್ರೇಮ್:
ತಪ್ಪು ಅಂದರೆ ಯಾವುದು ಅನ್ನುವುದೇ ಪ್ರಶ್ನೆ. ಕಾಂಬೊ ಇದೆಯಲ್ಲ, ಒಂದು ಏಟು ಬಿದ್ದಮೇಲೆ ತಪ್ಪಿಸಿಕೊಳ್ಳಲು ಆಗದ ಹಾಗೆ ಇನ್ನೊಂದು, ಮತ್ತೊಂದು. ಅದನ್ನು ಯಾರೂ ಬೇಕು ಅಂತ ಇಟ್ಟಿರಲಿಲ್ಲ. 1991ರ ಗೇಮ್ ತಯಾರಾಗುವಾಗ, ಕಾರು ಒಡೆಯುವ ಬೋನಸ್ ಆಟವನ್ನು ಪರೀಕ್ಷೆ ಮಾಡುತ್ತಿದ್ದಾಗ ಗೇಮ್ ಮಾಡಿದ ಕಂಪನಿ ಕ್ಯಾಪ್ಕಾಮ್‌ನ ನೊರಿಟಾಕ ಫುನಾಮಿಜು ಕಣ್ಣಿಗೆ ಅದು ಬಿತ್ತು. ಅಷ್ಟು ಕರಾರುವಾಕ್ಕಾಗಿ ಒತ್ತಲು ಯಾರಿಗಾಗುತ್ತದೆ ಅಂತ ಹಾಗೇ ಬಿಟ್ಟರು. ಇವತ್ತು ಕಾಂಬೊ ಇಲ್ಲದ ಫೈಟಿಂಗ್ ಗೇಮ್ ಸಿಗುವುದೇ ಕಷ್ಟ. ಅವತ್ತು ಯಾರಾದರೂ ತಿದ್ದಿದ್ದರೆ?

ನೂರಡಿರಸ್ತೆ:
ಗೈಲ್ ಅನ್ನುವ ಪಾತ್ರ ದೂರದಲ್ಲಿ ನಿಂತೇ ಎದುರಾಳಿಯನ್ನು ಹಿಡಿದು ಎಸೆಯುತ್ತಿದ್ದ, ಅದನ್ನೂ ಉಳಿಸಬೇಕಾ? ನಮ್ಮ ಮಂಡ್ಯದ ಪಾರ್ಲರಿನಲ್ಲಿ ಅದು ಮಾಡಿದವನಿಗೆ ಪಕ್ಕದವನು ನಿಜವಾಗಿಯೇ ಹೊಡೆದಿದ್ದ. ಆಮೇಲೆ ಅಂಗಡಿಯವರು ಗೈಲ್ ತಗೊಳ್ಳುವ ಹಾಗಿಲ್ಲ ಅಂತ ರಟ್ಟಿನ ಮೇಲೆ ಬರೆದು ಮಿಷನ್ನಿಗೆ ಅಂಟಿಸಿಬಿಟ್ಟರು.

ಅರವತ್ತು_ಫ್ರೇಮ್:
ಉಳಿಸಬೇಕು. ಮೊದಲ ಆವೃತ್ತಿಯಲ್ಲಿ ಅದು ಇರಲಿ. ಅದು ಬೇಡ ಅನ್ನುವವರಿಗೆ ಆಮೇಲಿನ ಆವೃತ್ತಿಗಳು ಇವೆಯಲ್ಲ. 1992ರಲ್ಲೇ ಚಾಂಪಿಯನ್ ಎಡಿಷನ್ ಬಂತು, ಕೊನೆಗೆ ಎದುರಾಗುವ ನಾಲ್ಕು ಬಾಸ್‌ಗಳನ್ನೂ ಆಡಲು ಕೊಟ್ಟರು, ಇಬ್ಬರೂ ಒಬ್ಬನನ್ನೇ ಆರಿಸಿಕೊಳ್ಳಬಹುದು ಅಂತಾಯಿತು. ಅದೇ ವರ್ಷ ಹೈಪರ್ ಫೈಟಿಂಗ್. 1993ರಲ್ಲಿ ಸೂಪರ್. 1994ರಲ್ಲಿ ಸೂಪರ್ ಟರ್ಬೊ. 2018ರ 30ನೇ ವರ್ಷದ ಕಲೆಕ್ಷನ್‌ನಲ್ಲಿ ಈ ಐದನ್ನೂ ಬೇರೆ ಬೇರೆಯಾಗಿಯೇ ಕೊಟ್ಟಿದ್ದಾರೆ, ಒಟ್ಟು 12 ಗೇಮ್. ಹಾಗೆ ಕೊಡುವುದೇ ಸರಿ.

ಆಲೆಮನೆ:
ಸಣ್ಣ ತಿದ್ದುಪಡಿ: 12 ಇದ್ದರೂ ಇಂಟರ್ನೆಟ್ಟಿನಲ್ಲಿ ಇನ್ನೊಬ್ಬರ ಜೊತೆ ಆಡಲು ಕೊಟ್ಟಿದ್ದು ನಾಲ್ಕೇ. ಹೈಪರ್ ಫೈಟಿಂಗ್, ಸೂಪರ್ ಟರ್ಬೊ, ಆಲ್ಫಾ 3, ಥರ್ಡ್ ಸ್ಟ್ರೈಕ್. ಚಾಂಪಿಯನ್ ಎಡಿಷನ್ ಇಷ್ಟಪಡುವ ನಮ್ಮಂಥವರು ಮನೆಗೆ ಯಾರಾದರೂ ಬರುವವರೆಗೆ ಕಾಯಬೇಕು.

ಒಂಟಿಕೊಪ್ಪಲ್:
ನಮ್ಮ ಕಡೆ ಇದ್ದ ಮಿಷನ್ನಿನಲ್ಲಿ ಹಾರುತ್ತಲೇ ಹಡೂಕೆನ್, ಅಂದರೆ ಕೈಯಿಂದ ಎಸೆಯುವ ಬೆಂಕಿ ಉಂಡೆ, ಬರುತ್ತಿತ್ತು. ಒಂದಲ್ಲ, ಐದಾರು ಒಟ್ಟಿಗೆ, ಹಾವಿನ ಥರ ಹರಿದುಕೊಂಡು ಬರುತ್ತಿದ್ದವು. ಸ್ಟಾರ್ಟ್ ಬಟನ್ ಒತ್ತಿದರೆ ಆಟದ ನಡುವೆಯೇ ರ್ಯು ಪಾತ್ರ ಹೋಗಿ ಬ್ಲಾಂಕಾ ಪಾತ್ರ ಆಗುತ್ತಿತ್ತು. ಅದು ಯಾವ ಕಲೆಕ್ಷನ್‌ನಲ್ಲಿದೆ? ನಾನು ಎಲ್ಲಾ ಕಡೆ ಹುಡುಕಿದೆ.

ಮೈಕ್ರೋಸ್ವಿಚ್:
ಅದು ರೇನ್‌ಬೋ ಎಡಿಷನ್ ಸರ್. ಕ್ಯಾಪ್ಕಾಮ್ ಮಾಡಿದ್ದಲ್ಲ, ಚಾಂಪಿಯನ್ ಎಡಿಷನ್ನಿನ ಚಿಪ್ ಬದಲಾಯಿಸಿ ಮಾಡಿದ ನಕಲಿ. ನಮ್ಮ ಕಡೆ ಮಿಷನ್ ಒಳಗೆ ಅಸಲಿ ಸರ್ಕ್ಯೂಟ್ ಬೋರ್ಡಿಗಿಂತ ಅದನ್ನೇ ನಾನು ಜಾಸ್ತಿ ನೋಡಿದ್ದು. ಅಧಿಕೃತವಾಗಿ ಅದು ಬರುವುದಿಲ್ಲ. ಆದರೆ ಒಂದು ವಿಷಯ ಕೇಳಿ. ಹೈಪರ್ ಫೈಟಿಂಗ್ ಅಷ್ಟು ವೇಗವಾಗಿರುವುದಕ್ಕೆ ಈ ನಕಲಿಗಳೇ ಕಾರಣ. ಜನ ವೇಗದ ನಕಲಿಗೆ ಮುಗಿಬೀಳುವುದನ್ನು ನೋಡಿ ಕ್ಯಾಪ್ಕಾಮ್ ತಾನೂ ವೇಗ ಹೆಚ್ಚಿಸಿತು. ಹಾಗಾಗಿ ಹೈಪರ್ ಫೈಟಿಂಗ್ ಆಡಿ ನೋಡಿ, ನಿಮಗೆ ಹಿಡಿಸುತ್ತದೆ.

ಒಂಟಿಕೊಪ್ಪಲ್:
ಇಷ್ಟು ವರ್ಷ ನಾನು ಅದನ್ನೇ ನಿಜವಾದ ಗೇಮ್ ಅಂದುಕೊಂಡಿದ್ದೆ! ಥ್ಯಾಂಕ್ಸ್ ಸರ್.

ಚುನ್‌ಲೀ_ಸರಸ್ವತಿಪುರಂ:
ಎಲ್ಲರೂ ಪಾರ್ಲರ್ ಪಾರ್ಲರ್ ಅನ್ನುತ್ತಿದ್ದೀರಿ. ನಾನು ಬೇರೆ ಮಾತು ಹೇಳುತ್ತೇನೆ. ನಮ್ಮ ಅಣ್ಣಂದಿರು ಆಡಲು ಹೋಗುವಾಗ ನನ್ನನ್ನು ಹೊರಗೆ ಸೈಕಲ್ ಕಾಯಲು ನಿಲ್ಲಿಸುತ್ತಿದ್ದರು. ಬಾಗಿಲಿಗೆ ಒಂದು ಕಪ್ಪು ಪರದೆ ಇರುತ್ತಿತ್ತು. ಯಾರಾದರೂ ಒಳಗೆ ಹೋಗುವಾಗ ಅದು ಸರಿದರೆ ಒಂದು ಕ್ಷಣ ಚುನ್‌ಲೀ ನೀಲಿ ಬಟ್ಟೆ ಕಾಣುತ್ತಿತ್ತು, ಮತ್ತೆ ಮುಚ್ಚಿಕೊಳ್ಳುತ್ತಿತ್ತು. ಒಂದೇ ಒಂದು ದಿನವೂ ನಾನು ಆ ಮಿಷನ್ ಮುಟ್ಟಿಲ್ಲ. ನನ್ನ ಹಾಗೆ ಎಷ್ಟೋ ಹುಡುಗಿಯರು ಮುಟ್ಟಿಲ್ಲ.

ನಾನು ಮೊದಲ ಸಲ ಈ ಗೇಮ್ ಆಡಿದ್ದು 2019ರಲ್ಲಿ, ಮಗಳ ಜೊತೆ, ನಮ್ಮ ಮನೆಯ ಹಾಲ್‌ನಲ್ಲಿ, ಕಲೆಕ್ಷನ್ ಬಂದಮೇಲೆ. ನಿಮಗೆಲ್ಲ ಇದು ಹಳೆಯದು ಮತ್ತೆ ಸಿಕ್ಕಿದ್ದು. ನನಗೆ ಮೊದಲ ಸಲ ಸಿಕ್ಕಿದ್ದು. ಅದಕ್ಕೇ ಸುಲಭದ ಪಟ್ಟಿನ ಆಯ್ಕೆ ಇರಲಿ ಅಂತ ನಾನೂ ಹೇಳುತ್ತೇನೆ. ಕಡ್ಡಾಯ ಬೇಡ, ಆಯ್ಕೆ ಇರಲಿ. ಆಮೇಲೆ ಬಂದ ಇನ್ನೊಂದು ಕಲೆಕ್ಷನ್‌ನಲ್ಲಿ ಆ ಆಯ್ಕೆ ಇತ್ತು, ಮಗಳು ಮೊದಲ ವಾರ ಅದರಲ್ಲಿ ಆಡಿದಳು, ಆಮೇಲೆ ತಾನೇ ಬಿಟ್ಟು ಪೂರ್ತಿ ಪಟ್ಟು ಕಲಿತಳು. ಕಾಲಿನ ಹೆಬ್ಬೆರಳು ನೆಲಕ್ಕೆ ಒತ್ತಿಕೊಂಡು ಆಡುತ್ತಾಳೆ.

ನೂರಡಿರಸ್ತೆ:
ಅಕ್ಕ, ಇದು ನಮಗೆ ಹೊಳೆದೇ ಇರಲಿಲ್ಲ. ನನ್ನ ತಂಗಿಯನ್ನು ನಾನೂ ಹೀಗೇ ಹೊರಗೆ ನಿಲ್ಲಿಸುತ್ತಿದ್ದೆ. ಇವತ್ತೇ ಫೋನ್ ಮಾಡುತ್ತೇನೆ.

ಟೆಕ್ಕೆನ್_ಮಳವಳ್ಳಿ:
ಅಕ್ಕ ಹೇಳಿದ್ದು ನನ್ನ ಮಾತೇ. ಆಯ್ಕೆ ಕೊಡಿ ಅಂತ ಅಷ್ಟೇ ನಾನು ಕೇಳಿದ್ದು.

ಗರಡಿಮನೆ:
ನಮ್ಮ ತಾತ ಮೈಸೂರಿನಲ್ಲಿ ಗರಡಿಗೆ ಹೋಗುತ್ತಿದ್ದವರು. ಅಖಾಡಕ್ಕೆ ಹೊಸ ಮಣ್ಣು ತಂದರೆ ಎಣ್ಣೆ, ಅರಿಶಿನ ಹಾಕಿ ತುಳಿದು ತುಳಿದು ಹದ ಮಾಡುತ್ತಾರೆ. ಹದ ತಪ್ಪಿದರೆ ಅದೇ ಪೈಲ್ವಾನ್, ಅದೇ ಪಟ್ಟು, ಆದರೂ ಕಾಲು ನಿಲ್ಲುವುದಿಲ್ಲ ಅನ್ನುತ್ತಿದ್ದರು. ಅಣ್ಣ "ಇದು ಆ ಗೇಮ್ ಅಲ್ಲ" ಅಂದದ್ದು ಓದಿದಾಗ ನನಗೆ ಅದೇ ನೆನಪಾಯಿತು. ಪೋರ್ಟ್ ಮಾಡುವವರ ಕೆಲಸ ಮಣ್ಣು ಹದ ಮಾಡುವುದು. ಪೈಲ್ವಾನರ ಬಟ್ಟೆ ಬದಲಾಯಿಸುವುದು ಆಮೇಲೆ.

ಇಯೋರಿ_ಮದ್ದೂರು:
ಸ್ಟ್ರೀಟ್ ಫೈಟರ್ ಬಿಟ್ಟು ಬೇರೆ ಯಾರೂ ಏನೂ ಆಡಲೇ ಇಲ್ವಾ? ಮದ್ದೂರಿನಲ್ಲಿ ನಮಗೆ ಕಿಂಗ್ ಆಫ್ ಫೈಟರ್ಸ್ 97 ಬಿಟ್ಟರೆ ಜಗತ್ತೇ ಇರಲಿಲ್ಲ. ಮೂರು ಜನರ ತಂಡ, ನಾಲ್ಕೇ ಬಟನ್. ಕಂಟ್ರೋಲರಿನ ಮೇಲೆ ಸರಿಯಾಗಿ ಕೂರುತ್ತದೆ, ಆರು ಬಟನ್ನಿನ ತಾಪತ್ರಯ ಇಲ್ಲ. 2018ರಲ್ಲಿ ಗ್ಲೋಬಲ್ ಮ್ಯಾಚ್ ಅಂತ ಮತ್ತೆ ಬಿಟ್ಟರು.

ಟೆಕ್ಕೆನ್_ಮಳವಳ್ಳಿ:
ಟೆಕ್ಕೆನ್ 3 ಅಂತ ಒಂದು ಗೇಮ್ ಇದೆ ಸ್ವಾಮಿ. 1998ರಲ್ಲಿ ಪ್ಲೇಸ್ಟೇಷನ್ನಿಗೆ ಬಂತು. ನಮ್ಮೂರಲ್ಲಿ ಗಂಟೆ ಲೆಕ್ಕದಲ್ಲಿ ಬಾಡಿಗೆ ಕೊಟ್ಟು ಆಡುತ್ತಿದ್ದೆವು.

ಅರವತ್ತು_ಫ್ರೇಮ್:
ಟೆಕ್ಕೆನ್ 3 ಈ ಚರ್ಚೆಗೆ ಒಳ್ಳೆ ಉದಾಹರಣೆ. 2018ರ ಕೊನೆಯಲ್ಲಿ ಸೋನಿ ಪ್ಲೇಸ್ಟೇಷನ್ ಕ್ಲಾಸಿಕ್ ಅಂತ ಪುಟ್ಟ ಕನ್ಸೋಲ್ ತಂದಿತು, 20 ಗೇಮ್. ಅದರಲ್ಲಿ ಒಂಬತ್ತಕ್ಕೆ ಯೂರೋಪಿನ 50 ಹರ್ಟ್ಜ್ ಆವೃತ್ತಿ ಹಾಕಿದ್ದರು, ಟೆಕ್ಕೆನ್ 3 ಕೂಡ ಅದರಲ್ಲೇ. ಸೆಕೆಂಡಿಗೆ 60 ಫ್ರೇಮ್ ಇರುವ ಜಾಗದಲ್ಲಿ 50. ಕೈ ಕಲಿತ ತಾಳ ಒಂದು, ಪರದೆಯ ತಾಳ ಇನ್ನೊಂದು. ಚಿತ್ರ ಎಷ್ಟು ಚೆನ್ನಾಗಿದ್ದರೆ ಏನು ಬಂತು?

ಟೆಕ್ಕೆನ್_ಮಳವಳ್ಳಿ:
ಇದಕ್ಕೆ ನನ್ನದು ಪೂರ್ತಿ ಒಪ್ಪಿಗೆ. ವೇಗ ಮುಟ್ಟಬಾರದು.

ಒಂಟಿಕೊಪ್ಪಲ್:
ಮುಸ್ತಫಾ ಗೇಮ್ ಯಾಕೆ ಯಾವ ಕಲೆಕ್ಷನ್‌ನಲ್ಲೂ ಇಲ್ಲ? ಫೈಟಿಂಗ್ ಅಲ್ಲ ಗೊತ್ತು, ಆದರೂ ಕೇಳುತ್ತೇನೆ.

ಆಲೆಮನೆ:
ಮುಸ್ತಫಾ ಗೇಮಿನ ನಿಜವಾದ ಹೆಸರು ಕ್ಯಾಡಿಲಾಕ್ಸ್ ಆ್ಯಂಡ್ ಡೈನೊಸಾರ್ಸ್, 1993. ಅದೂ ಕ್ಯಾಪ್ಕಾಮ್‌ದೇ. ಆದರೆ ಕಥೆ, ಪಾತ್ರ ಎಲ್ಲಾ ಅಮೆರಿಕದ ಒಂದು ಕಾಮಿಕ್ಸ್‌ನದು, ಹೆಸರಿನಲ್ಲಿ ಕಾರು ಕಂಪನಿ ಬೇರೆ. ಹಕ್ಕು ಇರುವ ಎಲ್ಲರೂ ಒಪ್ಪಬೇಕು. ಮನೆಯ ಯಾವ ಕನ್ಸೋಲಿಗೂ ಅದು ಬರಲಿಲ್ಲ. ಮಾರ್ವಲ್ ವರ್ಸಸ್ ಕ್ಯಾಪ್ಕಾಮ್ 2 ಕೂಡ ಹೀಗೇ, 56 ಪಾತ್ರಗಳ ಅಷ್ಟು ದೊಡ್ಡ ಗೇಮನ್ನು 2013ರಲ್ಲಿ ಆನ್‌ಲೈನ್ ಅಂಗಡಿಗಳಿಂದ ತೆಗೆದರು. ಮತ್ತೆ ಬಂದದ್ದು 2024ರ ಸೆಪ್ಟೆಂಬರ್‌ನಲ್ಲಿ. ಆಸೆ ಇಟ್ಟುಕೊಳ್ಳಿ ಅಣ್ಣ.

ಮೈಕ್ರೋಸ್ವಿಚ್:
ಅಲ್ಲಿಯವರೆಗೆ ಬೋರ್ಡ್‌ಗಳು ಉಳಿಯಬೇಕಲ್ಲ. ಸೂಪರ್ ಸ್ಟ್ರೀಟ್ ಫೈಟರ್ 2 ಬಂದ ಸಿಪಿಎಸ್-2 ಬೋರ್ಡಿನಲ್ಲಿ ನಕಲಿ ತಡೆಯಲು ಒಂದು ಸಣ್ಣ ಬ್ಯಾಟರಿ ಇಟ್ಟರು. ಗೇಮಿನ ಬೀಗದ ಕೈ ಆ ಬ್ಯಾಟರಿಯ ಬಲದಲ್ಲಿ ನೆನಪಿನಲ್ಲಿ ಇರುತ್ತದೆ. ಬ್ಯಾಟರಿ ಸತ್ತರೆ ಬೀಗದ ಕೈ ಅಳಿಸಿಹೋಗುತ್ತದೆ, ಬೋರ್ಡ್ ಮೂಕ. ನನ್ನ ಕೈಯಲ್ಲೇ ಹಾಗೆ ಒಂದು ಹೋಯಿತು. ಆನ್ ಮಾಡಿದೆ, ಪರದೆಯಲ್ಲಿ ಬರೀ ಒಂದು ಬಣ್ಣ. ಅಂಗಡಿಯವರು ಎರಡು ಸಲ ಆಫ್ ಆನ್ ಮಾಡಿಸಿದರು, ಆಮೇಲೆ ಸುಮ್ನೆ ನಿಂತರು. ಈಗ ಅದನ್ನು ಬದುಕಿಸುವ ದಾರಿ ಜನ ಕಂಡುಕೊಂಡಿದ್ದಾರೆ, ಆಗ ನನಗೆ ಗೊತ್ತಿರಲಿಲ್ಲ. ಅದಕ್ಕೇ ಮರುಬಿಡುಗಡೆ ಅಂದರೆ ನನಗೆ ಬರೀ ವ್ಯಾಪಾರ ಅಂತ ಅನಿಸುವುದಿಲ್ಲ.

ಇಯೋರಿ_ಮದ್ದೂರು:
ಇಂಟರ್ನೆಟ್ಟಿನಲ್ಲಿ ಆಡುವಾಗ ಆಗುವ ತಡದ ಮಾತು ಯಾರೂ ಆಡಲಿಲ್ಲ. ನನಗೆ ಅದೇ ಮುಖ್ಯ. ಹಳೆ ಸ್ನೇಹಿತರೆಲ್ಲ ಬೆಂಗಳೂರು, ಪುಣೆ. ಮದ್ದೂರಿಂದ ಆಡಿದರೆ ಬಟನ್ ಒತ್ತಿ ಒಂದು ವಡೆ ತಿನ್ನುವಷ್ಟು ಹೊತ್ತು ಕಾಯಬೇಕು.

ಅರವತ್ತು_ಫ್ರೇಮ್:
ಅದಕ್ಕೇ ರೋಲ್‌ಬ್ಯಾಕ್ ಇರುವುದನ್ನೇ ತಗೊಳ್ಳಬೇಕು. ಹಳೆ ಪದ್ಧತಿಯಲ್ಲಿ ಆ ಕಡೆಯವನ ಬಟನ್ ಬಂದು ತಲುಪುವವರೆಗೆ ನಿನ್ನ ಬಟನ್ನನ್ನೂ ತಡೆದು ನಿಲ್ಲಿಸುತ್ತಾರೆ. ರೋಲ್‌ಬ್ಯಾಕ್‌ನಲ್ಲಿ ನೀನು ಒತ್ತಿದ್ದು ಹೆಚ್ಚುಕಡಿಮೆ ಆಗಲೇ ನಡೆಯುತ್ತದೆ. ಅವನು ಹಿಂದಿನ ಫ್ರೇಮಿನಲ್ಲಿ ಒತ್ತಿದ್ದನ್ನೇ ಈಗಲೂ ಒತ್ತಿರುತ್ತಾನೆ ಅಂತ ಊಹಿಸಿ ಆಟ ಮುಂದಕ್ಕೆ ಹೋಗುತ್ತದೆ. ಊಹೆ ತಪ್ಪಿದರೆ ಎರಡು ಮೂರು ಫ್ರೇಮ್ ಹಿಂದೆ ಹೋಗಿ, ಸರಿ ಮಾಡಿಕೊಂಡು, ಮತ್ತೆ ಈಗಿನ ಜಾಗಕ್ಕೆ ಬರುತ್ತದೆ.

ಇದರ ಹುಟ್ಟು ಕೂಡ ನಮ್ಮ ವಿಷಯಕ್ಕೇ ಸೇರಿದ್ದು. 2006ರಲ್ಲಿ ಎಕ್ಸ್‌ಬಾಕ್ಸ್ 360ಕ್ಕೆ ಹೈಪರ್ ಫೈಟಿಂಗ್ ಬಂತು. ಅದರ ಆನ್‌ಲೈನ್ ಆಟ ಟೋನಿ ಕ್ಯಾನನ್ ಅನ್ನುವವರಿಗೆ ಒಂಚೂರೂ ಸರಿ ಬರಲಿಲ್ಲ. ಅವರೇ ಕೂತು ಜಿಜಿಪಿಒ ಅನ್ನುವ ರೋಲ್‌ಬ್ಯಾಕ್ ಸಾಫ್ಟ್‌ವೇರ್ ಬರೆದರು. 2019ರಲ್ಲಿ ಅದನ್ನು ಯಾರು ಬೇಕಾದರೂ ಬಳಸಲಿ ಅಂತ ಬಿಟ್ಟುಕೊಟ್ಟರು. ಒಂದು ಕೆಟ್ಟ ಮರುಬಿಡುಗಡೆಯ ಸಿಟ್ಟಿನಿಂದ ಇಷ್ಟು ದೊಡ್ಡ ಉಪಕಾರ ಆಯಿತು.

ಇಯೋರಿ_ಮದ್ದೂರು:
ಆದರೂ ನೆಟ್ ಚೆನ್ನಾಗಿಲ್ಲದಿದ್ದರೆ ಎದುರಾಳಿ ಇಲ್ಲಿದ್ದವನು ಪಟಕ್ಕನೆ ಅಲ್ಲಿ ಕಾಣುತ್ತಾನೆ. ಅದೂ ಹಿಂಸೆಯೇ.

ಅರವತ್ತು_ಫ್ರೇಮ್:
ಹೌದು, ಒಪ್ಪಿದೆ. ವೈಫೈ ಬಿಟ್ಟು ವೈರ್ ಹಾಕಿ. ಅರ್ಧ ಸರಿಹೋಗುತ್ತದೆ. ನಿಮ್ಮ ಕಿಂಗ್ ಆಫ್ ಫೈಟರ್ಸ್‌ನಲ್ಲೂ 2002 ಅನ್‌ಲಿಮಿಟೆಡ್ ಮ್ಯಾಚ್‌ಗೆ ಸ್ಟೀಮ್ ಅನ್ನುವ ಕಂಪ್ಯೂಟರ್ ಗೇಮ್ ಅಂಗಡಿಯಲ್ಲಿ ಆಮೇಲೆ ರೋಲ್‌ಬ್ಯಾಕ್ ಸೇರಿಸಿದರು, ನೋಡಿ.

ಗರಡಿಮನೆ:
ಇನ್ನೊಂದು ಕೇಳಬೇಕಿತ್ತು. ಹೊಂಡಾ ಕಾದಾಡುವ ಸ್ನಾನದ ಮನೆ ಗೋಡೆ ಮೇಲೆ ಸೂರ್ಯನ ಕಿರಣದ ಚಿತ್ರ ಇತ್ತಲ್ಲ, ಈಚಿನ ಒಂದರಲ್ಲಿ ಕಾಣಲಿಲ್ಲ. ನನ್ನ ನೆನಪು ತಪ್ಪಾ?

ಆಲೆಮನೆ:
ತಪ್ಪಲ್ಲ. 2022ರ ಕ್ಯಾಪ್ಕಾಮ್ ಫೈಟಿಂಗ್ ಕಲೆಕ್ಷನ್‌ನ ಹೈಪರ್ ಸ್ಟ್ರೀಟ್ ಫೈಟರ್ 2ರಲ್ಲಿ ಆ ಕಿರಣ ತೆಗೆದಿದ್ದಾರೆ. ಕೊರಿಯಾದವರಿಗೆ, ಚೀನಾದವರಿಗೆ ಅದು ಜಪಾನ್ ಸೈನ್ಯದ ಬಾವುಟದ ನೆನಪು. ಅವರಿಗೆ ನೋವು ಅಂದರೆ ತೆಗೆಯಲಿ, ನನ್ನದೇನೂ ತಕರಾರಿಲ್ಲ. ಏಟಿನ ಲೆಕ್ಕ ಬದಲಾಗುವುದಿಲ್ಲವಲ್ಲ.

ಒಂಟಿಕೊಪ್ಪಲ್:
ನನಗೆ ತಕರಾರಿದೆ. ಹಳೆಯದು ಹೇಗಿತ್ತೋ ಹಾಗೆ ತೋರಿಸಿ, ಯಾಕೆ ನೋವು ಅಂತ ಎರಡು ಸಾಲು ಬರೆದು ಹಾಕಬೇಕಿತ್ತು. ತೆಗೆದುಬಿಟ್ಟರೆ ಮುಂದಿನ ಹುಡುಗರಿಗೆ ಅದು ಇತ್ತು ಅಂತಲೂ ಗೊತ್ತಾಗುವುದಿಲ್ಲ, ಯಾಕೆ ತೆಗೆದರು ಅಂತಲೂ ಗೊತ್ತಾಗುವುದಿಲ್ಲ.

ಕುವೆಂಪುನಗರ_ಕೆನ್:
ಬಂದೆ. ಎರಡು ದಿನ ಬಿಟ್ಟು ಬರೆಯುತ್ತಿದ್ದೇನೆ. ಟಿವಿಯಲ್ಲಿ ಗೇಮ್ ಮೋಡ್ ಆಫ್ ಇತ್ತು, ಆನ್ ಮಾಡಿದೆ. ಕಂಟ್ರೋಲರಿಗೆ ವೈರ್ ಹಾಕಿದೆ. ಪರದೆ ಎಳೆದದ್ದು ತೆಗೆದು 4:3 ಮಾಡಿದೆ. ಮೈಕ್ರೋಸ್ವಿಚ್ ಸರ್ ಹೇಳಿದ್ದಕ್ಕೆ ಸ್ನೇಹಿತನ ಹತ್ತಿರ ಇದ್ದ ಆರ್ಕೇಡ್ ಸ್ಟಿಕ್ ಕೇಳಿ ತಂದೆ, ಪಾರ್ಲರ್ ಮಿಷನ್ ಥರದ ಕೋಲು ಇರುವ, ಆರು ಬಟನ್ನಿನದು.

ಅಣ್ಣ ನಿನ್ನೆ ರಾತ್ರಿ ಕೆಲಸ ಮುಗಿಸಿ ಮಂಡ್ಯದಿಂದ ಬೈಕಿನಲ್ಲೇ ಬಂದ. ಸ್ಟಿಕ್ಕನ್ನು ತೊಡೆ ಮೇಲಿಟ್ಟುಕೊಂಡು ಏನೂ ಮಾತಾಡದೆ ಎರಡು ಸಲ ಸುಮ್ನೆ ಕೋಲು ತಿರುಗಿಸಿದ. ಟಿಕ್ ಟಿಕ್. ನಾನು ಹಾರಿದೆ. ಬಂತು. ಮತ್ತೆ ಹಾರಿದೆ, ಮತ್ತೆ ಬಂತು. ಹತ್ತಕ್ಕೆ ಎಂಟು ಬಂತು. ಅವನು ನನ್ನ ಕಡೆ ತಿರುಗಲಿಲ್ಲ, "ಇನ್ನೊಂದು ಹಾಕು" ಎಂದ. ರಾತ್ರಿ ಒಂದೂವರೆಗೆ ಅಮ್ಮ ಎದ್ದು ಬಂದು ಬೈಯುವವರೆಗೂ ಆಡಿದೆವು.

ಮೈಕ್ರೋಸ್ವಿಚ್:
ಉಳಿದ ಎರಡು ಯಾಕೆ ತಪ್ಪಿತು ನೋಡಿ. ಕೆಳಗಿನ ಮೂಲೆ ಸರಿಯಾಗಿ ಬೀಳುತ್ತಿಲ್ಲದಿದ್ದರೆ ಸ್ವಿಚ್ ಸವೆದಿರುತ್ತದೆ. ಸ್ಟಿಕ್ ತಗೊಂಡು ಬನ್ನಿ, ಬಿಚ್ಚಿ ನೋಡಿಕೊಡುತ್ತೇನೆ.

ಚುನ್‌ಲೀ_ಸರಸ್ವತಿಪುರಂ:
ನಿಮ್ಮಣ್ಣ ಮುಂದಿನ ಸಲ ಮೈಸೂರಿಗೆ ಬಂದಾಗ ಹೇಳಿ. ನನ್ನ ಮಗಳು ಅವರ ಮೇಲೆ ಹಾರುವುದಿಲ್ಲ, ನೆಲದಲ್ಲೇ ಆಡುತ್ತಾಳೆ.